ಜರ್ನಲಿಸಂ ಓದಿದವರಿಗೆ ಕೆಲಸ ಕಲಿಸೋದು ಯಾರು?

ಪಿಯುಸಿ ರಿಸಲ್ಟ್ ಬಂದ ವಾರದಿಂದಲೇ ಶುರುವಾಗುತ್ತದೆ. ‘ಮಗಳು ಜರ್ನಲಿಸಂ ತಗೋತೀನಿ ಅಂತಿದ್ದಾಳೆ, ಸ್ಕೋಪ್ ಇದೆಯಾ?’ ಪತ್ರಿಕೆಯಲ್ಲೋ ಚಾನೆಲ್‌ನಲ್ಲೋ ಸ್ವಲ್ಪ ಕಾಲ ಕೆಲಸ ಮಾಡಿದ ಯಾರಿಗೇ ಆದರೂ ಈ ಪ್ರಶ್ನೆ ತಪ್ಪಿದ್ದಲ್ಲ. ಉತ್ತರಗಳೂ ಹೆಚ್ಚುಕಡಿಮೆ ರೆಡಿಮೇಡ್. ಒಬ್ಬರು ‘ಬೇಡಪ್ಪ, ಸಂಬಳ ಇಲ್ಲ’ ಅನ್ನುತ್ತಾರೆ. ಇನ್ನೊಬ್ಬರು ‘ಕಾಲೇಜಲ್ಲಿ ಬರೀ ಥಿಯರಿ, ಅದರಿಂದ ಏನೂ ಆಗಲ್ಲ, ಫೀಲ್ಡಿಗೆ ಇಳಿದರೆ ತಾನಾಗೇ ಬರುತ್ತೆ’ ಅನ್ನುತ್ತಾರೆ.

ಸಂಬಳದ ಮಾತು ನಿಜ. ಅದಕ್ಕೆ ಆಮೇಲೆ ಬರೋಣ. ಎರಡನೆಯದು ಮಾತ್ರ ಒಂದು ಕಾಲಕ್ಕೆ ನಿಜವಾಗಿದ್ದು ಈಗ ಸುಳ್ಳಾಗಿರುವ ಮಾತು. ಫೀಲ್ಡಿಗೆ ಇಳಿದರೆ ಕೆಲಸ ಬರುತ್ತಿತ್ತು ಹೌದು, ಆದರೆ ತಾನಾಗೇ ಬರುತ್ತಿರಲಿಲ್ಲ. ಕಲಿಸುವವರು ಅಲ್ಲಿ ಕೂತಿದ್ದರು. ಈಗ ಆ ಕುರ್ಚಿಗಳು ಖಾಲಿ. ಪತ್ರಿಕೆಗಳು ‘ಕಾಲೇಜಿನವರು ಕಲಿಸಿ ಕಳಿಸಲಿ’ ಅಂತ ಕಾಯುತ್ತಿವೆ, ಕಾಲೇಜಿನವರು ‘ಉಳಿದದ್ದು ಆಫೀಸಲ್ಲಿ ಕಲಿತುಕೊಳ್ಳಲಿ’ ಅಂತ ಬಿಟ್ಟುಬಿಟ್ಟಿದ್ದಾರೆ. ಮಧ್ಯದಲ್ಲಿ ಸಿಕ್ಕಿಕೊಂಡಿರುವುದು ಹುಡುಗರು. ನನ್ನ ಮಟ್ಟಿಗೆ ಪತ್ರಿಕೋದ್ಯಮ ಶಿಕ್ಷಣದ ಇವತ್ತಿನ ಸಮಸ್ಯೆ ಇಷ್ಟೇ. ಥಿಯರಿ ಜಾಸ್ತಿಯಾಯಿತು, ಪ್ರಾಕ್ಟಿಕಲ್ ಕಡಿಮೆಯಾಯಿತು ಎಂಬ ಜಗಳಕ್ಕೂ ಇದಕ್ಕೂ ಸಂಬಂಧ ಕಮ್ಮಿ.

ಕರ್ನಾಟಕದಲ್ಲಿ ಪತ್ರಿಕೋದ್ಯಮ ತರಗತಿಯೊಳಗೆ ಬಂದದ್ದು 1951ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ. ಅದನ್ನು ಕಟ್ಟಿದವರು ನಾಡಿಗ ಕೃಷ್ಣಮೂರ್ತಿ. ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ 1941ರಲ್ಲಿ, ಮದ್ರಾಸಿನಲ್ಲಿ 1947ರಲ್ಲಿ ಇಂಥ ಕೋರ್ಸುಗಳು ಶುರುವಾಗಿದ್ದವು, ಅವನ್ನು ಬಿಟ್ಟರೆ ದೇಶದ ಮೊದಮೊದಲ ವಿಭಾಗಗಳಲ್ಲಿ ನಮ್ಮದೂ ಒಂದು. ದೆಹಲಿಯ ಭಾರತೀಯ ಸಮೂಹ ಸಂವಹನ ಸಂಸ್ಥೆ (ಐಐಎಂಸಿ) ಹುಟ್ಟಿದ್ದೇ 1965ರಲ್ಲಿ. ಅಷ್ಟೇ ಅಲ್ಲ, ಅದೇ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ 1935ರಲ್ಲೇ ತಮ್ಮ ಮನೆಯಲ್ಲಿ ರೇಡಿಯೊ ಕೇಂದ್ರ ಶುರು ಮಾಡಿ, ಮುಂದೆ ಇಡೀ ದೇಶದ ರೇಡಿಯೊಗೆ ಸಿಕ್ಕ ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ನಡೆಸಿದ್ದರು. (ಪಠ್ಯದಲ್ಲಿ ಅಮೆರಿಕದ ಪ್ರೊಫೆಸರ್‌ಗಳ ಸಂವಹನ ಸಿದ್ಧಾಂತದ ಬಾಣದ ಗುರುತಿನ ಚಿತ್ರಗಳಿಗೆ ಸಿಗುವಷ್ಟು ಜಾಗ ಇವರಿಗೆ ಸಿಗುವುದಿಲ್ಲ. ಇರಲಿ.)

ಆ ಕಾಲದ ಲೆಕ್ಕಾಚಾರ ಸರಳವಾಗಿತ್ತು. ವಿಶ್ವವಿದ್ಯಾಲಯ ಇತಿಹಾಸ, ಕಾನೂನು, ಸಂವಹನ ಸಿದ್ಧಾಂತ ಕಲಿಸುತ್ತದೆ. ಬರೆಯುವುದನ್ನು ಡೆಸ್ಕ್, ಅಂದರೆ ಪತ್ರಿಕೆಯಲ್ಲಿ ಸುದ್ದಿ ತಿದ್ದುವ ವಿಭಾಗ ಕಲಿಸುತ್ತದೆ. ಡೆಸ್ಕ್ ಹೇಗೆ ಕಲಿಸುತ್ತಿತ್ತು ಅಂದರೆ, ಪಾಠ ಮಾಡಿ ಅಲ್ಲ, ಬೈದು. ಹೊಸ ಹುಡುಗ ಅಪಘಾತದ ಸುದ್ದಿ ಬರೆಯುತ್ತಾನೆ. ‘ಅತಿವೇಗವಾಗಿ ಬಂದ ಲಾರಿ ಬೈಕಿಗೆ ಡಿಕ್ಕಿ ಹೊಡೆದ ಪರಿಣಾಮ ಸವಾರ ಸ್ಥಳದಲ್ಲೇ ಮೃತಪಟ್ಟಿದ್ದಾನೆ.’ ಚೀಫ್ ಸಬ್ (ಮುಖ್ಯ ಉಪಸಂಪಾದಕರು) ಆ ಬರಹದ, ಅಂದರೆ ಕಾಪಿಯ ಮೇಲೆ ಪೆನ್ನು ಇಟ್ಟುಕೊಂಡೇ ಕೇಳುತ್ತಾರೆ: ಅತಿವೇಗ ಅಂತ ಯಾರು ಹೇಳಿದ್ದು, ನೀನು ಸ್ಪೀಡೋಮೀಟರ್ ನೋಡಿದ್ದೆಯಾ? ಸ್ಥಳದಲ್ಲೇ ಸತ್ತದ್ದಾ, ಆಸ್ಪತ್ರೆಗೆ ಸಾಗಿಸುವಾಗಲಾ? ಡ್ರೈವರ್ ಮಾತಾಡಿಸಿದ್ದೀಯಾ? ಎಫ್‌ಐಆರ್‌ನಲ್ಲಿ ಹೆಸರು ಹೀಗೇ ಇದೆಯಾ? ಸತ್ತವನನ್ನು ಏಕವಚನದಲ್ಲಿ ಬರೆದಿದ್ದೀಯಲ್ಲ, ಅದೇ ಜಾಗದಲ್ಲಿ ತಾಲ್ಲೂಕು ಪಂಚಾಯಿತಿ ಅಧ್ಯಕ್ಷರಿದ್ದರೆ ಹೀಗೇ ಬರೀತಿದ್ಯಾ? ಐದು ಸಾಲಿನ ಕಾಪಿಗೆ ಐದು ಪ್ರಶ್ನೆ. ಇದು ತಿಂಗಳುಗಟ್ಟಲೆ ನಡೆಯುತ್ತಿತ್ತು. ಮೂಲ, ನ್ಯಾಯ, ನಿಖರತೆ, ಭಾಷೆಯ ಮರ್ಯಾದೆ ಎಲ್ಲವೂ ಒಂದು ಅಪಘಾತದ ಸುದ್ದಿಯಲ್ಲೇ ಕಲಿತು ಮುಗಿಯುತ್ತಿತ್ತು.

ಆ ಡೆಸ್ಕ್ ಏನಾಯಿತು? ಯಾರೋ ಒಬ್ಬರು ಒಂದು ದಿನ ಮುಚ್ಚಿದ್ದಲ್ಲ. ಜಿಲ್ಲೆಗೊಂದು ಆವೃತ್ತಿ, ಜಿಲ್ಲೆಗೆ ಮೂರ್ನಾಲ್ಕು ಪುಟ ಅಂತ ಬಂದಾಗ ಪುಟಗಳು ಹೆಚ್ಚಿದವು, ನೋಡುವವರು ಹೆಚ್ಚಲಿಲ್ಲ. ಪ್ರೂಫ್ ರೀಡರ್ ಎಂಬ ಹುದ್ದೆ ಸದ್ದಿಲ್ಲದೆ ಹೋಯಿತು. ಕನ್ನಡದಲ್ಲಿ 24 ಗಂಟೆಯ ಸುದ್ದಿ ವಾಹಿನಿಗಳ ಕಾಲ 2006ರ ಹೊತ್ತಿಗೆ ಶುರುವಾಯಿತು, ಅಲ್ಲಿ ಮೊದಲು ಟಿಕ್ಕರ್ (ತೆರೆಯ ಕೆಳಗೆ ಓಡುವ ಸುದ್ದಿ ಸಾಲು), ಆಮೇಲೆ ಖಚಿತ ಪಡಿಸಿಕೊಳ್ಳುವುದು. ಕೋವಿಡ್ ಬಂದಾಗ ಸಂಬಳ ಕಡಿತ, ಪುಟ ಕಡಿತ, ಜನ ಕಡಿತ. ಈಗ ತಾಲ್ಲೂಕಿನ ವರದಿಗಾರ ಮೊಬೈಲಿನಲ್ಲಿ ಟೈಪ್ ಮಾಡಿ ವಾಟ್ಸ್ಆ್ಯಪ್‌ಗೆ ಹಾಕುತ್ತಾನೆ. ಒಬ್ಬ ಸಬ್ ಎಡಿಟರ್ ಅದನ್ನು ಕಾಪಿ ಮಾಡಿ, ತಲೆಬರಹ ಕೊಟ್ಟು, ತಾನೇ ಪುಟಕ್ಕೆ ಕೂರಿಸುತ್ತಾನೆ. ಅವನ ಕೈಯಲ್ಲಿ ಅಂಥ ಎರಡೋ ಮೂರೋ ಪುಟ. ‘ಸ್ಪೀಡೋಮೀಟರ್ ನೋಡಿದ್ದೆಯಾ’ ಅಂತ ಫೋನ್ ಮಾಡಿ ಕೇಳಲು ಅವನಿಗೆ ಟೈಮೂ ಇಲ್ಲ, ಕೆಲವೊಮ್ಮೆ ಅನುಭವವೂ ಇಲ್ಲ, ಯಾಕೆಂದರೆ ಅವನಿಗೂ ಯಾರೂ ಕೇಳಿಲ್ಲ.

ಮೊದಲೆಲ್ಲ ಟ್ರೈನಿಗೆ ಕೊಡುತ್ತಿದ್ದ ಮೊದಲ ಕೆಲಸ ಪಿಟಿಐ ಸುದ್ದಿಸಂಸ್ಥೆಯ ಇಂಗ್ಲಿಷ್ ಕಾಪಿಯನ್ನು ಕನ್ನಡ ಮಾಡುವುದು. ಆಯ್ಕೆ ಪರೀಕ್ಷೆಯಲ್ಲೂ ಅದೇ ಇರುತ್ತಿತ್ತು. ಬೋರು ಹೊಡೆಸುವ ಕೆಲಸ, ಆದರೆ ವಾಕ್ಯ ಕಟ್ಟುವುದು ಅಲ್ಲೇ ಬರುತ್ತಿತ್ತು. ಈಗ ಮೊದಲ ಕರಡನ್ನು ಯಂತ್ರ ಮಾಡಿಕೊಡುತ್ತದೆ. 2023ರಲ್ಲಿ ಪವರ್ ಟಿವಿ ‘ಸೌಂದರ್ಯ’ ಎಂಬ ಎಐ ನಿರೂಪಕಿಯನ್ನು ತಂದಾಗ ಎಲ್ಲರೂ ಆ್ಯಂಕರ್‌ಗಳ ಕೆಲಸ ಹೋಗುತ್ತದೆ ಅಂತ ಚರ್ಚೆ ಮಾಡಿದರು. ನಿಜಕ್ಕೂ ಹೋಗುತ್ತಿರುವುದು ಕ್ಯಾಮೆರಾ ಮುಂದೆ ಕೂರುವವರ ಕೆಲಸ ಅಲ್ಲ, ಹಿಂದೆ ಕೂತು ಕಲಿಯುವವರದು.

ಇಷ್ಟೆಲ್ಲ ಆಗುವಾಗ ವಿಶ್ವವಿದ್ಯಾಲಯಗಳು ಸುಮ್ನೆ ಕೂತಿರಲಿಲ್ಲ. ವಿಭಾಗದ ಬೋರ್ಡು ಬದಲಾಯಿತು. ಪತ್ರಿಕೋದ್ಯಮ ಹೋಗಿ ಸಮೂಹ ಸಂವಹನ, ವಿದ್ಯುನ್ಮಾನ ಮಾಧ್ಯಮ, ಡಿಜಿಟಲ್ ಮೀಡಿಯಾ ಎಲ್ಲ ಬಂತು. ಕೆಲವು ಕಡೆ ಸ್ಟುಡಿಯೊ ಕಟ್ಟಿದರು. ಅದರ ಬೀಗ ತೆರೆಯುವುದು ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬಂದಾಗ ಎಂಬ ಜೋಕು ಯಾವ ವಿಭಾಗಕ್ಕೆ ಹೋದರೂ ಕೇಳಿಸುತ್ತದೆ, ಜೋಕು ಹೇಳುವವರು ಅಲ್ಲಿನ ಮೇಷ್ಟ್ರುಗಳೇ. ಪಠ್ಯಕ್ರಮ ಅಂತೂ ಮೂರು ವರ್ಷದಲ್ಲಿ ಎರಡು ಸಲ ತಿರುವುಮುರುವಾಯಿತು. 2021–22ರಲ್ಲಿ ದೇಶದಲ್ಲೇ ಮೊದಲು ನಾವು ಹೊಸ ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ ತಂದೆವು, ನಾಲ್ಕು ವರ್ಷದ ಪದವಿ, ಎರಡು ಮುಖ್ಯ ವಿಷಯ. 2024–25ಕ್ಕೆ ಅದನ್ನು ಬಿಟ್ಟು ಮತ್ತೆ ಮೂರು ವರ್ಷ, ಮೂರು ಐಚ್ಛಿಕ ವಿಷಯ. ಸರಿ ತಪ್ಪು ಬೇರೆ ಚರ್ಚೆ. ಪ್ರತಿ ಸಲ ಪಠ್ಯ ರೂಪಿಸುವ ಬೋರ್ಡ್ ಆಫ್ ಸ್ಟಡೀಸ್ ಕೂತು ಕ್ರೆಡಿಟ್ ಲೆಕ್ಕ ಹಾಕಿ ಪೇಪರುಗಳ ಹೆಸರು ಹೊಂದಿಸುವಷ್ಟರಲ್ಲಿ, ಪೇಪರಿನ ಒಳಗೆ ಏನಿದೆ ಅಂತ ನೋಡುವ ತಾಳ್ಮೆ ಯಾರಿಗೂ ಉಳಿದಿರುವುದಿಲ್ಲ.

2021ರಲ್ಲಿ ಪದವಿಗೆ ಸೇರಿ ಮೂರು ವರ್ಷಕ್ಕೆ ಹೊರಬಿದ್ದ ಬ್ಯಾಚನ್ನೇ ನೋಡಿ. ಅವರು ಮಾಧ್ಯಮ ಕಾನೂನು ಓದಿದ್ದು ಐಪಿಸಿ ಸೆಕ್ಷನ್ 499, 500ರ ಮಾನನಷ್ಟ, ಮತ್ತು 1867ರ ಪತ್ರಿಕೆ, ಪುಸ್ತಕಗಳ ನೋಂದಣಿ ಕಾಯ್ದೆ. 2024ರ ಮಾರ್ಚ್ 1ಕ್ಕೆ ಆ ನೋಂದಣಿ ಕಾಯ್ದೆಯ ಜಾಗಕ್ಕೆ ಹೊಸದು ಬಂತು. ಜುಲೈ 1ಕ್ಕೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, ಮಾನನಷ್ಟ ಈಗ ಸೆಕ್ಷನ್ 356. ಜುಲೈ 1 ಅಂದರೆ ಕರ್ನಾಟಕದಲ್ಲಿ ಪತ್ರಿಕಾ ದಿನ. 1843ರಲ್ಲಿ ಮಂಗಳೂರ ಸಮಾಚಾರ ಹೊರಟ ದಿನ ಅಂತ ಎಲ್ಲ ಜಿಲ್ಲೆಗಳಲ್ಲೂ ಹಾರ, ಶಾಲು, ಭಾಷಣ ನಡೆಯುತ್ತಿದ್ದಾಗ, ಅದೇ ದಿನ ಪತ್ರಕರ್ತರ ಕಾನೂನು ಪುಸ್ತಕದ ಅರ್ಧ ಹಳತಾಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೂ ಇನ್ನೂ ದೊಡ್ಡದು. ಹಿಂದಿನ ಕರಡುಗಳಲ್ಲಿ ಪತ್ರಿಕೋದ್ಯಮಕ್ಕೆ ಇದ್ದ ವಿನಾಯಿತಿ ಅದರಲ್ಲಿ ಇಲ್ಲ. ಒಬ್ಬರ ಫೋನ್ ನಂಬರು, ಆಸ್ತಿ ವಿವರ, ಆಸ್ಪತ್ರೆ ದಾಖಲೆ ಇಟ್ಟುಕೊಂಡು ತನಿಖಾ ವರದಿ ಮಾಡುವವರಿಗೆ ಇದರ ಅರ್ಥ ಏನು ಅಂತ ತರಗತಿಯಲ್ಲಿ ಚರ್ಚೆ ಆಗದಿದ್ದರೆ ಇನ್ನೆಲ್ಲಿ ಆಗಬೇಕು?

ಕಲಿಸುವವರ ಕಥೆ ಬೇರೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಿಂತಿರುವುದೇ ಅತಿಥಿ ಉಪನ್ಯಾಸಕರ ಮೇಲೆ. 2023ರ ಹೊತ್ತಿಗೆ ರಾಜ್ಯದಲ್ಲಿ ಅವರ ಸಂಖ್ಯೆ 10 ಸಾವಿರ ದಾಟಿತ್ತು. 2023ರ ಕೊನೆಯಲ್ಲಿ ಅವರು ಕಾಯಂ ಮಾಡಿ ಅಂತ ಮುಷ್ಕರ ಕೂತಾಗ ಎಷ್ಟೋ ಕಾಲೇಜುಗಳಲ್ಲಿ ಪಾಠವೇ ನಿಂತುಹೋಯಿತು. ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಗೊತ್ತಿಲ್ಲದ ಮೇಷ್ಟ್ರು, 40 ಹುಡುಗರ ಕಾಪಿಯನ್ನು ವಾರಕ್ಕೊಮ್ಮೆ ತಿದ್ದಿ ಕೊಡಲಿ ಅಂತ ಯಾವ ಬಾಯಲ್ಲಿ ಹೇಳುವುದು?

ಈಗ ಥಿಯರಿ ವಿಷಯ. ಎಲ್ಲರೂ ಅದನ್ನೇ ಬೈಯುವುದರಿಂದ ನಾನು ಸ್ವಲ್ಪ ಅದರ ಪರ ಮಾತಾಡುತ್ತೇನೆ.

ಸಂವಹನ ಓದಿದವರಿಗೆಲ್ಲ ‘ಟು ಸ್ಟೆಪ್ ಫ್ಲೋ’ ಗೊತ್ತಿರುತ್ತದೆ. ಎರಡು ಅಂಕದ ಪ್ರಶ್ನೆ, ಖಾಯಂ. 1940ರ ಅಮೆರಿಕದ ಅಧ್ಯಕ್ಷ ಚುನಾವಣೆ ಹೊತ್ತಿಗೆ ಓಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಜೊತೆಗಾರರು ಮತದಾರರನ್ನು ತಿಂಗಳುಗಟ್ಟಲೆ ಮಾತಾಡಿಸಿದರು. ರೇಡಿಯೊ, ಪತ್ರಿಕೆ ನೇರವಾಗಿ ಜನರ ಮನಸ್ಸು ಬದಲಿಸುವುದು ಕಮ್ಮಿ, ತಮಗೆ ಗೊತ್ತಿರುವ, ತಾವು ನಂಬುವ ಯಾರೋ ಒಬ್ಬರು ಹೇಳಿದಾಗ ಅದು ಕೆಲಸ ಮಾಡುತ್ತದೆ ಎಂಬುದು ಅವರು ಕಂಡುಕೊಂಡದ್ದು. ನೋಟ್ಸಿನಲ್ಲಿ ಇದು ಇಷ್ಟಕ್ಕೇ ಮುಗಿಯುತ್ತದೆ. ಹುಡುಗರು ಬಾಯಿಪಾಠ ಮಾಡುತ್ತಾರೆ.

ಆದರೆ 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದನ್ನು ಇದರ ಪಕ್ಕ ಇಟ್ಟು ನೋಡಿ. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಗದ್ದಲ ಎದ್ದಿತು. ಅವರು ಕಾರು ಹತ್ತಿ ಹೊರಟರು. ಕಾರಿಗಿಂತ ಮೊದಲು ವಿಡಿಯೊ ಮುಂದಿನ ಊರಿಗೆ ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿ ಕಾಯುತ್ತಿದ್ದ ಜನ ಹೊಡೆದ ಹೊಡೆತಕ್ಕೆ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಅದಕ್ಕೂ ತಿಂಗಳುಗಳ ಮೊದಲಿಂದ ಇಂಥದೇ ವದಂತಿ ಊರೂರು ಸುತ್ತುತ್ತಿತ್ತು, ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಒಬ್ಬರ ಜೀವ ಹೋಗಿತ್ತು. ಮುರ್ಕಿಯ ನಂತರದ ವಾರ ವಾಟ್ಸ್ಆ್ಯಪ್ ಭಾರತದಲ್ಲಿ ಫಾರ್ವರ್ಡ್ ಮಾಡುವುದನ್ನು ಒಂದು ಸಲಕ್ಕೆ ಐದು ಚಾಟ್‌ಗಳಿಗೆ ಇಳಿಸಿತು.

ಆ ಮೆಸೇಜಿಗೆ ಬಲ ಬಂದದ್ದು ವಾಟ್ಸ್ಆ್ಯಪ್‌ನಿಂದ ಅಲ್ಲ. ಊರಿನವರೇ ಇರುವ ಗ್ರೂಪಿನಲ್ಲಿ, ದಿನಾ ಮಾತಾಡುವ ಹೆಸರಿನಿಂದ ಬಂದದ್ದಕ್ಕೆ. ಅಂದರೆ ಈರಿ ಕೌಂಟಿಯ ಪಾಠ. ಇದು ಅರ್ಥವಾದ ವರದಿಗಾರ ‘ಸಾಮಾಜಿಕ ಜಾಲತಾಣದ ಅವಾಂತರ’ ಅಂತ ಬರೆದು ಕೈತೊಳೆದುಕೊಳ್ಳುವುದಿಲ್ಲ. ಮೊದಲು ಗ್ರೂಪಿಗೆ ಹಾಕಿದ್ದು ಯಾರು, ಆ ಊರಲ್ಲಿ ಅವರ ಮಾತಿಗೆ ಯಾಕೆ ಬೆಲೆ, ಸುಳ್ಳು ಅಂತ ಹೇಳಬಲ್ಲ ಮೇಷ್ಟ್ರೋ ಆಶಾ ಕಾರ್ಯಕರ್ತೆಯೋ ಆ ಗ್ರೂಪಿನಲ್ಲಿ ಇದ್ದರಾ ಅಂತ ಹುಡುಕುತ್ತಾನೆ. ಥಿಯರಿಯ ಉಪಯೋಗ ಇದೇ, ಯಾವ ಪ್ರಶ್ನೆ ಕೇಳಬೇಕು ಅಂತ ಹೇಳಿಕೊಡುವುದು. ನಮ್ಮ ತರಗತಿಗಳಲ್ಲಿ ಓಹಾಯೊ ಇರುತ್ತದೆ, ಮುರ್ಕಿ ಇರುವುದಿಲ್ಲ.

ಹಾಗೇ ಉತ್ತರ ಕರ್ನಾಟಕದ ಇನ್ನೊಂದು ಕಥೆ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಎಟಿಎಸ್–6 ಉಪಗ್ರಹ ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸುವ ಸೈಟ್ ಪ್ರಯೋಗ ನಡೆಯಿತಲ್ಲ, ಕರ್ನಾಟಕದ ಹಳ್ಳಿಗಳು ಇದ್ದದ್ದು ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳಲ್ಲಿ. ಬೆಂಗಳೂರಿನಲ್ಲಿ ಟಿವಿ ಕೇಂದ್ರ ಬರುವ ಮೊದಲೇ ಅಲ್ಲಿನ ಜನ ಶಾಲೆ ಅಂಗಳದಲ್ಲಿ ಕೂತು ಕೃಷಿ, ಆರೋಗ್ಯದ ಕಾರ್ಯಕ್ರಮ ನೋಡಿದ್ದರು. ಆವಾಗ ನೋಡಿದವರು ಈಗ ಅರವತ್ತು ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ಕಲಬುರಗಿಯಲ್ಲೂ ರಾಯಚೂರಿನಲ್ಲೂ ವಿಜಯಪುರದಲ್ಲೂ ವಿಶ್ವವಿದ್ಯಾಲಯಗಳಿವೆ. ಹುಡುಗರಿಗೆ ಒಂದು ರೆಕಾರ್ಡರ್ ಕೊಟ್ಟು ಆ ಹಳ್ಳಿಗಳಿಗೆ ಕಳಿಸಿದರೆ ಒಂದು ಸೆಮಿಸ್ಟರ್‌ನ ಪ್ರಾಜೆಕ್ಟ್ ಆಯಿತು. ಬಸ್ ಚಾರ್ಜ್ ಬಿಟ್ಟರೆ ಖರ್ಚಿಲ್ಲ.

ಹಾಗಾದರೆ ಯಾವುದು ಕೊರತೆ? ನನಗೆ ಕಾಣುವುದು ಎರಡು. ಕ್ಯಾಮೆರಾ, ಎಡಿಟಿಂಗ್ ಅಲ್ಲ, ಅದನ್ನು ಹುಡುಗರು ರೀಲ್ಸ್ ಮಾಡಿಕೊಂಡೇ ಕಲಿತುಬಿಟ್ಟಿದ್ದಾರೆ, ಮೇಷ್ಟ್ರಿಗೂ ಕಲಿಸುತ್ತಾರೆ.

ಒಂದು, ಲೆಕ್ಕ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ–1ರ ಫಲಿತಾಂಶ ಶೇ 73.40. 2025ರಲ್ಲಿ ಶೇ 62.34. ‘ಫಲಿತಾಂಶ ಶೇ 11 ಕುಸಿತ’ ಅಂತ ಬರೆಯುವುದು ಸುಲಭ. ಅಲ್ಲಿ ಎರಡು ಎಡವಟ್ಟು. ಕುಸಿದದ್ದು 11 ಶೇಕಡಾ ಅಂಶ, 2024ರ ಫಲಿತಾಂಶಕ್ಕೆ ಹೋಲಿಸಿ ಶೇಕಡಾವಾರು ಲೆಕ್ಕ ಹಾಕಿದರೆ ಅದು ಸುಮಾರು ಶೇ 15 ಆಗುತ್ತದೆ. ಇದು ಸಣ್ಣದು. ದೊಡ್ಡದು ಏನೆಂದರೆ 2024ರಲ್ಲಿ ವೆಬ್‌ಕಾಸ್ಟಿಂಗ್ (ಪರೀಕ್ಷಾ ಕೊಠಡಿಗಳ ಮೇಲೆ ಕ್ಯಾಮೆರಾ ಕಣ್ಣು) ತಂದು ನಕಲಿಗೆ ಕಡಿವಾಣ ಬಿದ್ದು ಫಲಿತಾಂಶ ನೆಲ ಕಚ್ಚಿದಾಗ, ಆ ವರ್ಷದ ಮಟ್ಟಿಗೆ ಗ್ರೇಸ್ ಅಂಕವನ್ನು ಶೇ 20ಕ್ಕೆ ಏರಿಸಿ ಅದನ್ನು ಮೇಲೆತ್ತಲಾಗಿತ್ತು. 2025ರಲ್ಲಿ ಆ ಧಾರಾಳತನ ಇರಲಿಲ್ಲ. ಗ್ರೇಸ್ ತೆಗೆದು ನೋಡಿದರೆ 2025ರದ್ದು ಏರಿಕೆ, ಕುಸಿತ ಅಲ್ಲ. ಎರಡು ಅಂಕಿ ಪಕ್ಕಪಕ್ಕ ಇಟ್ಟು ಕಳೆಯುವ ಮೊದಲು ಅವೆರಡೂ ಒಂದೇ ಅಳತೆಯವಾ ಅಂತ ಕೇಳುವುದಕ್ಕೆ ದೊಡ್ಡ ಗಣಿತ ಬೇಡ, ಅಭ್ಯಾಸ ಬೇಕು. ಆರ್ಟ್ಸ್ ತಗೊಂಡದ್ದೇ ಲೆಕ್ಕ ತಪ್ಪಿಸಿಕೊಳ್ಳೋಕೆ ಅನ್ನುವ ಹುಡುಗರಿಗೆ ಈ ಅಭ್ಯಾಸವನ್ನು ಯಾವ ಪೇಪರಿನಲ್ಲಿ ಮಾಡಿಸುತ್ತೇವೆ?

ಎರಡು, ಕಾನೂನನ್ನು ಕಾಪಿ ಮೇಲೆ ಇಟ್ಟು ನೋಡುವುದು. ಪೋಕ್ಸೊ ಕಾಯ್ದೆ 2012ರದ್ದು ಅಂತ ಎಲ್ಲರೂ ಬರೆಯುತ್ತಾರೆ. ಸುದ್ದಿಯಲ್ಲಿ ಬಾಲಕಿಯ ಹೆಸರನ್ನೂ ಹಾಕುವುದಿಲ್ಲ, ಅಷ್ಟು ಗೊತ್ತು. ಆದರೆ ಊರಿನ ಹೆಸರು ಇರುತ್ತದೆ, ಸರ್ಕಾರಿ ಪ್ರೌಢಶಾಲೆಯ 9ನೇ ತರಗತಿ ಅಂತ ಇರುತ್ತದೆ, ತಂದೆ ಬಸ್ ನಿಲ್ದಾಣದ ಹತ್ತಿರ ಹೋಟೆಲ್ ಇಟ್ಟಿದ್ದಾರೆ ಅಂತ ಇರುತ್ತದೆ, ಆರೋಪಿ ಅವಳ ಸೋದರಮಾವ ಅಂತ ಹೆಸರು ಸಮೇತ ಇರುತ್ತದೆ. ಆ ಊರಲ್ಲಿ ಇನ್ನು ಗುರುತು ಹಿಡಿಯಲು ಏನು ಬಾಕಿ? ಸೆಕ್ಷನ್ 23 ಹೇಳುವುದು ಹೆಸರು ಮಾತ್ರ ಅಲ್ಲ. ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಗುರುತು ಸಿಗುವ ಯಾವುದನ್ನೂ ಹಾಕುವಂತಿಲ್ಲ. ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಇಂಥ ಸುದ್ದಿ ಬರೆಯುವವರಲ್ಲಿ ಕೆಟ್ಟವರು ಕಮ್ಮಿ. ಸೆಕ್ಷನ್ ನಂಬರು ಪರೀಕ್ಷೆಗೆ ಓದಿ, ಒಂದು ಕಾಪಿ ಮುಂದೆ ಇಟ್ಟುಕೊಂಡು ಯಾವ ಸಾಲು ಹೊಡೆದುಹಾಕಬೇಕು ಅಂತ ಒಂದು ದಿನವೂ ಕೂತಿರುವುದಿಲ್ಲ, ಅಷ್ಟೇ.

ಈ ಕೊರತೆ ಎಲ್ಲರ ಮೇಲೂ ಒಂದೇ ಥರ ಬೀಳುವುದಿಲ್ಲ. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಲಕ್ಷಗಟ್ಟಲೆ ಫೀಸು ಕಟ್ಟಿ ಇಂಗ್ಲಿಷಿನಲ್ಲಿ ಮೀಡಿಯಾ ಸ್ಟಡೀಸ್ ಓದಿದವರು ಬಹುಪಾಲು ಜಾಹೀರಾತು, ಪಿಆರ್, ಕಂಪನಿಗಳ ಕಂಟೆಂಟ್ ಟೀಮು, ಒಟಿಟಿ ಕಡೆ ಹೋಗುತ್ತಾರೆ. ಅಲ್ಲಿ ಕಲಿಸುವವರೂ ಇದ್ದಾರೆ, ಸಂಬಳವೂ ಇದೆ. ಹಾವೇರಿ, ಕೊಪ್ಪಳ, ಚಾಮರಾಜನಗರದ ಸರ್ಕಾರಿ ಕಾಲೇಜಿನಲ್ಲಿ ಇತಿಹಾಸ, ಕನ್ನಡದ ಜೊತೆ ಪತ್ರಿಕೋದ್ಯಮ ತಗೊಂಡ ಹುಡುಗ, ಮನೆಯಲ್ಲಿ ಮೊದಲ ಡಿಗ್ರಿ ಅವನದೇ, ಅವನು ನಾಳೆ ತಾಲ್ಲೂಕು ವರದಿಗಾರನೋ ಯೂಟ್ಯೂಬ್ ಚಾನೆಲ್ಲಿನವನೋ ಆಗುತ್ತಾನೆ. ಪೋಕ್ಸೊ ಕೇಸು, ಗ್ರಾಮ ಪಂಚಾಯಿತಿ ಲೆಕ್ಕ, ವದಂತಿ ಎಲ್ಲ ಮೊದಲು ಬಂದು ಬೀಳುವುದು ಅವನ ಮೊಬೈಲಿಗೆ. ತರಬೇತಿ ಅತಿ ಹೆಚ್ಚು ಬೇಕಾದವನಿಗೇ ಅತಿ ಕಡಿಮೆ ಸಿಗುತ್ತಿದೆ.

ಸಂಬಳದ ಮಾತಿಗೆ ಬರುವುದಾದರೆ, ಪತ್ರಕರ್ತರ ಸಂಬಳದ ಬಗ್ಗೆ ಮಜೀಠಿಯಾ ವೇತನ ಮಂಡಳಿಯ ಶಿಫಾರಸು 2011ರಲ್ಲಿ ಅಧಿಸೂಚನೆ ಆಯಿತು, 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಷ್ಟರಲ್ಲಿ ಹೊಸ ನೇಮಕಗಳೆಲ್ಲ ಕಾಂಟ್ರ್ಯಾಕ್ಟ್ ಆಗಿದ್ದವು. ವೇತನ ಮಂಡಳಿಗೆ ಆಧಾರವಾಗಿದ್ದ 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯೂ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳೊಳಗೆ ಸೇರಿಹೋಯಿತು. ತಾಲ್ಲೂಕಿನಲ್ಲಿ ಕಾಯಂ ಅಲ್ಲದೆ ವರದಿ ಮಾಡುವ ಸ್ಟ್ರಿಂಗರ್‌ಗೆ ಇವೆಲ್ಲ ಮೊದಲಿಂದಲೂ ದೂರದ ಮಾತು. ಅವನಿಗೆ ಸಿಗುವುದು ಗೌರವಧನ, ಜೊತೆಗೆ ವಿಶೇಷ ಪುರವಣಿಗೆ ಜಾಹೀರಾತು ತರುವ ಟಾರ್ಗೆಟ್. ಜಾಹೀರಾತು ಕೊಟ್ಟ ಗುತ್ತಿಗೆದಾರನ ರಸ್ತೆ ಕಿತ್ತುಹೋದರೆ ಅವನು ಏನು ಬರೀಬೇಕು? ನೀತಿಸಂಹಿತೆಯ ಪೇಪರಿನಲ್ಲಿ ಈ ಪ್ರಶ್ನೆ ಬಂದದ್ದನ್ನು ನಾನು ನೋಡಿಲ್ಲ.

ಚೆನ್ನಾಗಿ ನಡೆಯುವ ಕಡೆ ಏನಿದೆ ಅಂತಲೂ ನೋಡಬೇಕಲ್ವಾ. ಮಂಗಳೂರಿನ ಸೇಂಟ್ ಅಲೋಶಿಯಸ್‌ನಲ್ಲಿ ರೇಡಿಯೊ ಸಾರಂಗ್ 107.8 ಎಂಬ ಸಮುದಾಯ ಬಾನುಲಿ ಇದೆ. ಕನ್ನಡ, ತುಳು, ಕೊಂಕಣಿ, ಬ್ಯಾರಿಯಲ್ಲಿ ಕಾರ್ಯಕ್ರಮ. ಇಂಥ ಜಾಗದಲ್ಲಿ ವಿದ್ಯಾರ್ಥಿ ಮಾಡಿದ್ದು ಫೈಲ್ ಸೇರುವುದಿಲ್ಲ, ಗಾಳಿಗೆ ಹೋಗುತ್ತದೆ. ತಪ್ಪು ಮಾತಾಡಿದರೆ ಕೇಳುಗರು ಫೋನ್ ಮಾಡಿ ಹೇಳುತ್ತಾರೆ. ನಿಜವಾದ ಕೇಳುಗರು ಅಥವಾ ಓದುಗರು, ಮತ್ತು ತಿದ್ದುವ ಒಬ್ಬ ಮನುಷ್ಯ, ಈ ಎರಡು ಇರುವ ಕಡೆ ಸ್ಟುಡಿಯೊ ಹಳೆಯದಾದರೂ ಹುಡುಗರು ಕಲಿಯುತ್ತಾರೆ. ಪ್ರಾಯೋಗಿಕ ಪತ್ರಿಕೆ ಅಂತ ವರ್ಷಕ್ಕೆರಡು ಸಲ ಕುಲಪತಿಗಳ ಫೋಟೊ ಸಮೇತ ತರುವ ಕಡೆ ಕಲಿಯುವುದಿಲ್ಲ.

ಹಾಗಾಗಿ ಸೇರುವ ಮೊದಲು ಕ್ಯಾಂಪಸ್ ಸುತ್ತಿ ಕ್ಯಾಮೆರಾ ಎಷ್ಟಿವೆ ಅಂತ ಎಣಿಸಬೇಡಿ. ಫೈನಲ್ ಇಯರ್ ಹುಡುಗರನ್ನು ಹಿಡಿದು ‘ನೀವು ಬರೆದ ಕಾಪಿಯಲ್ಲಿ ಯಾರಾದರೂ ತಿದ್ದಿದ್ದು ಇದ್ದರೆ ತೋರಿಸಿ’ ಅನ್ನಿ. ತೋರಿಸಲು ಒಂದು ಹಾಳೆಯೂ ಇಲ್ಲ ಅಂದರೆ ಬೇರೆ ಕಾಲೇಜು ನೋಡಿ.

ಹಣ ಇಲ್ಲ ಅನ್ನುವ ವಿಭಾಗಗಳಿಗೂ ದಾರಿ ಇದೆ. ಅದೇ ಹಳೇ ಡೆಸ್ಕಿನವರು ಎಲ್ಲೂ ಹೋಗಿಲ್ಲ, ನಿವೃತ್ತರಾಗಿಯೋ ಕೆಲಸ ಬಿಡಿಸಿಕೊಂಡೋ ಮೈಸೂರು, ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗದಲ್ಲೇ ಇದ್ದಾರೆ. ಅವರು ನೆಟ್ (ಅಧ್ಯಾಪಕರ ಅರ್ಹತಾ ಪರೀಕ್ಷೆ) ಪಾಸಾಗಿಲ್ಲ, ಪಿಎಚ್‌ಡಿ ಇಲ್ಲ, ಆದ್ದರಿಂದ ಅಧ್ಯಾಪಕರಾಗುವಂತಿಲ್ಲ. 2022ರಲ್ಲಿ ಯುಜಿಸಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಅಂತ ಒಂದು ಬಾಗಿಲು ತೆರೆಯಿತು. 15 ವರ್ಷ ಅನುಭವ ಇರುವ ವೃತ್ತಿಪರರನ್ನು, ಮಂಜೂರಾದ ಹುದ್ದೆಗಳ ಶೇ 10ರವರೆಗೆ, ಡಿಗ್ರಿ ಕೇಳದೆ ತಗೊಳ್ಳಬಹುದು. ಆದರೆ ಅದನ್ನು ಸಂಪಾದಕರಾಗಿದ್ದವರಿಗೆ, ಟಿವಿಯಲ್ಲಿ ಮುಖ ಕಂಡವರಿಗೆ ಮೀಸಲಿಟ್ಟರೆ ಆಗುವುದು ಉದ್ಘಾಟನಾ ಭಾಷಣ ಮಾತ್ರ. ಬೇಕಾಗಿರುವುದು ಹೆಸರಿಲ್ಲದ ಚೀಫ್ ಸಬ್. ವಾರಕ್ಕೆ ಮೂರು ಸಂಜೆ, ಗಂಟೆ ಲೆಕ್ಕದಲ್ಲಿ ಸಂಭಾವನೆ, ಮುಂದೆ ಹುಡುಗರ ಕಾಪಿ, ಕೈಯಲ್ಲಿ ಪೆನ್ನು. ಇಂಟರ್ನ್‌ಶಿಪ್ ಅಂತ ಎರಡು ತಿಂಗಳು ಬಿಟ್ಟಿ ಕೆಲಸಕ್ಕೆ ಆಫೀಸಿಗೆ ಕಳಿಸಿ, ಅಲ್ಲಿ ಯಾರೂ ಮಾತಾಡಿಸದೆ ಸರ್ಟಿಫಿಕೇಟ್ ಹಿಡಿದು ವಾಪಸ್ ಬರುವುದಕ್ಕಿಂತ ಇದರ ಖರ್ಚು ಜಾಸ್ತಿಯೇನಲ್ಲ. ಬೋರ್ಡ್ ಆಫ್ ಸ್ಟಡೀಸ್‌ನ ಒಂದು ಸಭೆಯಲ್ಲಿ ತೀರ್ಮಾನ ಆಗುವ ವಿಷಯ.